ಓಟಗಾರ್ತಿ ವಿಲ್ಮಾ ರುಡಾಲ್ಫ್

ಇತಿಹಾಸವೆಂದೊಡನೆ ನಮ್ಮ ಚಿತ್ತವು ಅರಸರತ್ತ, ಯುದ್ಧಗಳತ್ತ ಹರಿಯುವುದು ವಾಡಿಕೆ. ಆದರೆ ಒಂದು ನಾಡು ತನ್ನ ಬಡ ಮಕ್ಕಳನ್ನು ಹೇಗೆ ನಡೆಸಿಕೊಂಡಿತೆಂಬುದೂ ಇತಿಹಾಸವೇ. ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫಳ ಬಾಳು ಅಂಥ ಇತಿಹಾಸದ ಒಂದು ಪುಟ. ಒಂದೇ ಒಲಿಂಪಿಕ್ ಕೂಟದ ಓಟಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗಳಿಸಿದ ಪ್ರಥಮ ಅಮೆರಿಕನ್ ಮಹಿಳೆ ಆಕೆ. ಆಕೆಯ ಕಥೆಯನ್ನು ಪವಾಡವೆಂದು ಹೇಳುವವರು ಬಹಳ. ಅದು ಪವಾಡವೇ, ಅಥವಾ ಹಲವರ ಪರಿಶ್ರಮದ ಫಲವೇ ಎಂಬುದನ್ನು ವಾಚಕರು ವಿಚಾರಿಸಿ ನೋಡಬೇಕು.

1940ರ ಜೂನ್ 23ರಂದು ಟೆನೆಸ್ಸೀ ರಾಜ್ಯದ ಕ್ಲಾರ್ಕ್ಸ್‌ವಿಲ್ ಪಟ್ಟಣದ ಸಮೀಪ ಸೇಂಟ್ ಬೆತ್ಲೆಹೆಮ್ ಎಂಬಲ್ಲಿ ವಿಲ್ಮಾ ಜನಿಸಿದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ತೂಕ ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು. ತಂದೆ ಎಡ್ ರೈಲ್ವೆಯಲ್ಲಿ ಹಮಾಲಿ. ತಾಯಿ ಬ್ಲಾಂಚ್ ಬಿಳಿಯರ ಮನೆಗಳಲ್ಲಿ ಕೆಲಸದಾಕೆ. ತಂದೆಯ ಎರಡು ವಿವಾಹಗಳಿಂದ ಜನಿಸಿದ ಇಪ್ಪತ್ತೆರಡು ಮಕ್ಕಳಲ್ಲಿ ಈಕೆ ಇಪ್ಪತ್ತನೆಯವಳು. ಶೈಶವದಲ್ಲಿಯೇ ನ್ಯುಮೋನಿಯಾ, ಕೆಂಪುಜ್ವರಗಳು ಬಾಧಿಸಿದವು. ಅನಂತರ ಪೋಲಿಯೋ ತಗಲಿ ಎಡಗಾಲು ಬಲಗುಂದಿತು. ಪೋಲಿಯೋ ಲಸಿಕೆ ಬಳಕೆಗೆ ಬಂದುದು 1955ರಲ್ಲಿ. ಈ ಮಗುವಿಗೆ ಅದು ದೊರೆಯುವಂತಿರಲಿಲ್ಲ.

ಆ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವು ಕಾನೂನಿನ ಬಲವನ್ನೇ ಪಡೆದಿತ್ತು. ಶಾಲೆ ಬೇರೆ, ಭೋಜನಗೃಹ ಬೇರೆ, ಬಸ್ಸಿನಲ್ಲಿ ಕಪ್ಪು ಜನರಿಗೆ ಹಿಂದಿನ ಆಸನ. ಊರಿನಲ್ಲಿ ಆಸ್ಪತ್ರೆಯಿದ್ದೂ ಈ ಮಗುವಿಗೆ ಅಲ್ಲಿ ಚಿಕಿತ್ಸೆಯಿಲ್ಲ. ಆದುದರಿಂದ ತಾಯಿಯು ಮಗಳನ್ನು ಕರೆದುಕೊಂಡು ವಾರಕ್ಕೊಮ್ಮೆ ಸುಮಾರು ಐವತ್ತು ಮೈಲಿ ದೂರದ ನ್ಯಾಶ್‌ವಿಲ್‌ಗೆ ಬಸ್ಸಿನಲ್ಲಿ ಹೋಗಿಬರಬೇಕಾಯಿತು. ಅಲ್ಲಿದ್ದ ಮೆಹಾರಿ ವೈದ್ಯಕೀಯ ಕಾಲೇಜು ಕಪ್ಪು ಜನಾಂಗದ ವೈದ್ಯರನ್ನು ತರಬೇತುಗೊಳಿಸುತ್ತಿದ್ದ ಸಂಸ್ಥೆ. ಎರಡು ವರ್ಷ ಈ ಪಯಣ ನಡೆಯಿತು. ವೈದ್ಯರು ಕಾಲು ತಿಕ್ಕುವ ಕ್ರಮವನ್ನು ತಾಯಿಗೆ ಕಲಿಸಿದರು. ತಾಯಿ ಹಿರಿಯ ಮಕ್ಕಳಿಗೆ ಕಲಿಸಿದಳು. ದಿನಕ್ಕೆ ನಾಲ್ಕು ಸಾರಿ ಮನೆಮಂದಿ ಸರದಿಯ ಮೇಲೆ ಆ ಕಾಲನ್ನು ತಿಕ್ಕಿದರು. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಕಾಲಿಗೆ ಕಟ್ಟಿದ್ದ ಲೋಹದ ಆಧಾರ ಬೇಡವಾಯಿತು. ಇದರಲ್ಲಿ ಪವಾಡವೆಲ್ಲಿದೆ? ವರ್ಷಾನುಗಟ್ಟಲೆ ಬಿಡದೆ ದುಡಿದ ಕೈಗಳಿವೆ.

ಬರ್ಟ್ ಪ್ರೌಢಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಈ ನೀಳಕಾಯದ ಬಾಲೆಯನ್ನು ಟೆನೆಸ್ಸೀ ಸ್ಟೇಟ್ ಶಿಕ್ಷಣಸಂಸ್ಥೆಯ ತರಬೇತುದಾರ ಎಡ್ ಟೆಂಪಲ್ ಗುರುತಿಸಿದರು. ಟೆಂಪಲ್ಲರ ಕಾರ್ಯವನ್ನು ವಿಶೇಷವಾಗಿ ಸ್ಮರಿಸಬೇಕು. ಹೆಣ್ಣುಮಕ್ಕಳ ಓಟಕ್ಕೆ ಹಣವೂ ಇರಲಿಲ್ಲ, ಮನ್ನಣೆಯೂ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಓಟದ ಸ್ಪರ್ಧೆಗಳು ದೊರೆತದ್ದೇ 1928ರಲ್ಲಿ. ಅಂದು ನಡೆದ 800 ಮೀಟರ್ ಓಟವು ಸ್ತ್ರೀಶರೀರಕ್ಕೆ ಅತಿಯಾಯಿತೆಂದು ಅಧಿಕಾರಿಗಳು ಕೈಬಿಟ್ಟರು. ಅದು ಮರಳಿದ್ದು 1960ರಲ್ಲಿ. ಇಂಥ ಕಾಲದಲ್ಲಿ ಟೆಂಪಲ್ಲರು ಮಣ್ಣಿನ ಓಟದ ಹಾದಿಯ ಗೆರೆಗಳನ್ನು ತಾವೇ ಎಳೆದು, ಸ್ಪರ್ಧೆಗಳಿಗೆ ಬಾಲೆಯರನ್ನು ತಮ್ಮ ಕಾರಿನಲ್ಲಿಯೇ ಒಯ್ಯುತ್ತಿದ್ದರು. ವಿದ್ಯಾರ್ಥಿನಿಯರು ಕಾಲೇಜಿನಲ್ಲಿ ದಿನಕ್ಕೆರಡು ಗಂಟೆ ದುಡಿದು ತಮ್ಮ ಶಿಕ್ಷಣದ ವೆಚ್ಚಕ್ಕೆ ಒದಗಿಸಿಕೊಳ್ಳುತ್ತಿದ್ದರು.

1956ರಲ್ಲಿ ಹದಿನಾರು ವರ್ಷದ ವಿಲ್ಮಾ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ರಿಲೇ ತಂಡದೊಡನೆ ಕಂಚಿನ ಪದಕ ಪಡೆದಳು. 1958ರಲ್ಲಿ ಹೆಣ್ಣುಮಗುವಿನ ತಾಯಿಯಾದಳು. ಓಟ ಅಲ್ಲಿಗೆ ಮುಗಿಯಿತೆಂದು ಎಣಿಸಬಹುದಿತ್ತು, ಮುಗಿಯಲಿಲ್ಲ. 1960ರ ರೋಮ್ ಕೂಟದ 100 ಮೀಟರ್ ಅಂತಿಮ ಓಟವನ್ನು 11.0 ಸೆಕೆಂಡಿನಲ್ಲಿ ಗೆದ್ದಳು. ಬೆಂಗಾಳಿಯ ವೇಗ ಮಿತಿ ಮೀರಿದ್ದುದರಿಂದ ಅದು ದಾಖಲೆಯಾಗಲಿಲ್ಲ. 200 ಮೀಟರನ್ನು 24.0 ಸೆಕೆಂಡಿನಲ್ಲಿ ಗೆದ್ದಳು. ಸೆಪ್ಟೆಂಬರಿನಲ್ಲಿ ನಡೆದ 4×100 ಮೀಟರ್ ರಿಲೇಯಲ್ಲಿ ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್ ಆಕೆಯ ಸಂಗಾತಿಗಳು. ನಾಲ್ವರೂ ಟೆಂಪಲ್ಲರ ಶಿಷ್ಯೆಯರು. ಕೊನೆಯ ಸರದಿಯಲ್ಲಿ ಕೋಲು ಕೈತಪ್ಪುವಂತಾದರೂ ಸಾವರಿಸಿಕೊಂಡು ಓಡಿ, ಜರ್ಮನಿಯ ಯುಟ್ಟಾ ಹೈನೆಯನ್ನು ಹಿಂದೆ ಹಾಕಿದಳು. ಕಾಲ 44.5 ಸೆಕೆಂಡು, ಮೂರನೆಯ ಚಿನ್ನ.

ಇಲ್ಲಿಯವರೆಗಿನದು ಕ್ರೀಡೆಯ ವೃತ್ತಾಂತ. ಇನ್ನು ಮುಂದಿನದು ಅದಕ್ಕಿಂತ ಹಿರಿದಾದುದೆಂದು ನಮ್ಮ ಭಾವನೆ. ಕ್ಲಾರ್ಕ್ಸ್‌ವಿಲ್ ಪಟ್ಟಣವು ಆಕೆಗೆ ಮೆರವಣಿಗೆ ಮತ್ತು ಔತಣಕೂಟಗಳನ್ನು ಏರ್ಪಡಿಸಲು ಮುಂದಾಯಿತು. ಬಿಳಿಯರೂ ಕಪ್ಪುಜನರೂ ಪ್ರತ್ಯೇಕವಾಗಿ ಕೂಡಬೇಕೆಂಬುದು ಅಲ್ಲಿನ ಸಂಪ್ರದಾಯ. ಹಾಗಾದರೆ ತಾನು ಬರುವುದಿಲ್ಲವೆಂದು ಇಪ್ಪತ್ತು ವರ್ಷದ ವಿಲ್ಮಾ ಹೇಳಿದಳು. ಪಟ್ಟಣವು ಒಪ್ಪಬೇಕಾಯಿತು. 1960ರ ಅಕ್ಟೋಬರ್ 4ರಂದು ನಡೆದ ಆ ಸ್ವಾಗತವು, ಎರಡೂ ವರ್ಣದವರು ಒಟ್ಟಿಗೆ ಪಾಲ್ಗೊಂಡ ಆ ಊರಿನ ಮೊತ್ತಮೊದಲ ಸಾರ್ವಜನಿಕ ಸಮಾರಂಭ. ಸನ್ಮಾನವನ್ನು ಬಯಸುವವರು ಬಹಳ. ಸನ್ಮಾನಕ್ಕೆ ನ್ಯಾಯದ ಷರತ್ತು ವಿಧಿಸುವವರು ವಿರಳ.

1961ರಲ್ಲಿ 100 ಮೀಟರನ್ನು 11.2 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದ ಆಕೆ, 1962ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿಯೇ ಸ್ಪರ್ಧೆಗಳಿಂದ ನಿವೃತ್ತಳಾದಳು. 1963ರಲ್ಲಿ ಶಿಕ್ಷಣಶಾಸ್ತ್ರದಲ್ಲಿ ಪದವಿ ಪಡೆದು ಶಾಲಾಶಿಕ್ಷಕಿಯಾದಳು. ಅದೇ ವರ್ಷ, ಕಪ್ಪುಜನರಿಗೆ ಪ್ರವೇಶವಿಲ್ಲದ ಊರಿನ ಭೋಜನಗೃಹದ ಮುಂದೆ ನಡೆದ ಪ್ರತಿಭಟನೆಯಲ್ಲಿಯೂ ನಿಂತಳು. ಮೂರು ಚಿನ್ನ ತಂದವಳಿಗೂ ಆ ಬಾಗಿಲು ತಾನಾಗಿ ತೆರೆದಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹವ್ಯಾಸಿ ಕ್ರೀಡೆಯ ನಿಯಮದಂತೆ ಪದಕಗಳಿಂದ ಧನಲಾಭವೂ ಇರಲಿಲ್ಲ. 1977ರಲ್ಲಿ ಆತ್ಮಕಥೆ ಪ್ರಕಟಿಸಿದಳು. 1981ರಲ್ಲಿ ಬಡಮಕ್ಕಳ ಕ್ರೀಡಾತರಬೇತಿಗಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದಳು. 1994ರ ನವೆಂಬರ್ 12ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಿದುಳಿನ ಕ್ಯಾನ್ಸರಿನಿಂದ ನಿಧನಳಾದಳು.

ವಿಲ್ಮಾಳ ತಾಯಿಯಂಥ ತಾಯಿ, ಮೆಹಾರಿಯಂಥ ಸಂಸ್ಥೆ, ಟೆಂಪಲ್ಲರಂಥ ಗುರು ದೊರೆಯದೆ ಅದೇ ಬೀದಿಗಳಲ್ಲಿ ಕುಂಟುತ್ತ ಉಳಿದ ಮಕ್ಕಳೆಷ್ಟೋ. ಗೆದ್ದವರನ್ನು ಕೊಂಡಾಡುವುದು ಸುಲಭ. ಗೆಲ್ಲುವ ಮೊದಲೇ ಮಗುವಿಗೆ ಬಾಗಿಲು ತೆರೆಯುವುದು ಕಷ್ಟ. ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸುವವರು, ಅವುಗಳಿಗೆ ದಾನ ನೀಡುವವರು, ಹೆಣ್ಣುಮಕ್ಕಳನ್ನು ಹೆತ್ತವರು ಈ ಮಾತನ್ನು ನೆನಪಿನಲ್ಲಿರಿಸಿಕೊಂಡರೆ ಈ ಚರಿತ್ರೆಯನ್ನು ಓದಿದ್ದು ಸಾರ್ಥಕ.