ದುಡಿಮೆ, ದಾರಿ ಮತ್ತು ದೇಹ: ಸುರಪುರದ ಟೇಲರನ ಬದುಕಿನಿಂದ ಒಂದು ಪಾಠ

ಸುರಪುರದ ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಹಳೆಯ ಬಂಗಲೆಯೊಂದಿದೆ. ತೊಗರಿ ಮತ್ತು ಹತ್ತಿಯ ವ್ಯಾಪಾರದ ನಿಮಿತ್ತ ನಾಲ್ಕು ದಶಕಗಳಿಂದ ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಓಡಾಡುತ್ತಿರುವ ನಾನು ಆ ಹೆಸರನ್ನು ಅದೆಷ್ಟೋ ಸಲ ಕೇಳಿದ್ದೆನು. ಆದರೆ ಒಮ್ಮೆಯೂ ಗುಡ್ಡವನ್ನು ಹತ್ತಿ ನೋಡಿರಲಿಲ್ಲ. ವಸೂಲಿ ಮುಗಿದೊಡನೆ ಮುಂದಿನ ಊರಿನ ಬಸ್ಸು ಹಿಡಿಯುವುದೇ ನನ್ನ ಕ್ರಮವಾಗಿತ್ತು. ನನ್ನ 58ನೆಯ ವಯಸ್ಸಿನಲ್ಲಿ ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ತಿಳಿದುಬಂದಿತು. ಪ್ರತಿದಿನವೂ ನಡೆಯಬೇಕೆಂದು ವೈದ್ಯರು ಹೇಳಿದ ಬಳಿಕ ಒಂದು ಬೆಳಿಗ್ಗೆ ಆ ಗುಡ್ಡವನ್ನು ಹತ್ತಲು ಹೊರಟೆನು. ನಡುವೆ ಎರಡು ಸಲ ಏದುಸಿರಿನಿಂದ ನಿಲ್ಲಬೇಕಾಯಿತು. ಮೋಟಾರು, ರೈಲುಗಳಿಲ್ಲದ ಕಾಲದಲ್ಲಿ ಇಡೀ ಸಂಸ್ಥಾನದ ಕಾರ್ಯಭಾರವನ್ನು ಹೊತ್ತು ಇಲ್ಲಿ ಬಾಳಿದ ಆ ಮನುಷ್ಯನು ತನ್ನ ದೇಹವನ್ನು ಹೇಗೆ ಕಾಪಾಡಿಕೊಂಡನು ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು. ಅದಕ್ಕೆ ದೊರೆತ ಉತ್ತರವು ನಾನು ನಿರೀಕ್ಷಿಸಿದಂತಿರಲಿಲ್ಲ.

ಫಿಲಿಪ್ ಮೆಡೋಸ್ ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. 1824ರಲ್ಲಿ, ಹದಿನೈದರ ಹರೆಯದಲ್ಲಿ, ಅವನು ಮುಂಬಯಿಗೆ ಬಂದುದು ಅಧಿಕಾರಿಯಾಗಿ ಅಲ್ಲ. ಒಬ್ಬ ವರ್ತಕನ ಅಂಗಡಿಯಲ್ಲಿ ಕೆಲಸ ಮಾಡಲು. ಅಲ್ಲಿನ ಸ್ಥಿತಿ ಅಂದುಕೊಂಡಂತೆ ಇಲ್ಲದುದರಿಂದ ಅವನು ನಿಜಾಮನ ಸೈನ್ಯವನ್ನು ಸೇರಿದನು. ಭೂಮಾಪನ, ಕಟ್ಟಡವಿದ್ಯೆ, ನ್ಯಾಯಶಾಸ್ತ್ರ, ಭೂಗರ್ಭಶಾಸ್ತ್ರ, ದೇಶಭಾಷೆಗಳು ಇವೆಲ್ಲವನ್ನೂ ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕಲಿತನು. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತಕ್ಕೆ ನೇಮಕಗೊಂಡು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ಪ್ರಾಪ್ತವಯಸ್ಕನಾಗಿ ಅಧಿಕಾರ ವಹಿಸಿಕೊಳ್ಳುವವರೆಗೆ, ಎಂದರೆ 1853ರವರೆಗೆ, ಇಲ್ಲಿಯೇ ಇದ್ದನು. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

ಈ ಹನ್ನೆರಡು ವರ್ಷಗಳ ಅವನ ಕೆಲಸವನ್ನು ಪಟ್ಟಿ ಮಾಡಿದರೆ ಒಬ್ಬ ಮನುಷ್ಯನ ಕೆಲಸವೆಂದು ತೋರುವುದಿಲ್ಲ. ಕಂದಾಯದ ಲೆಕ್ಕ, ನ್ಯಾಯವಿಚಾರಣೆ, ರಸ್ತೆಗಳ ನಿರ್ಮಾಣ, ಕೆರೆಗಳ ದುರಸ್ತಿ ಇವು ಹಗಲಿನ ಕೆಲಸಗಳು. ಇವುಗಳ ಜೊತೆಗೆ 1840ರಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರನೂ ಆಗಿದ್ದನು. ಬಿಡುವು ದೊರೆತಾಗ ಚಿತ್ರ ಬರೆಯುತ್ತಿದ್ದನು. ಇಂದಿನ ಹುಣಸಗಿ ತಾಲ್ಲೂಕಿನ ರಾಜನಕೋಳೂರಿನ ಶಿಲಾಗೋರಿಗಳನ್ನೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಪರಿಶೀಲಿಸಿ ವಿದ್ವತ್‌ಲೋಕಕ್ಕೆ ಪರಿಚಯಿಸಿದನು. ನಮ್ಮ ಸೀಮೆಯ ಪ್ರಾಗಿತಿಹಾಸದ ಅಧ್ಯಯನಕ್ಕೆ ಅವನೇ ಆದ್ಯನೆಂದರೆ ತಪ್ಪಾಗಲಾರದು.

ಇವೆಲ್ಲವೂ ನಡೆದುದು ಯಾವ ದಾರಿಗಳಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಮುಂಬಯಿ ಕಡೆಯ ರೈಲುಮಾರ್ಗವೂ ಮದರಾಸು ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿಯು ಆ ಮಾರ್ಗದ ಮೇಲಿನ ನಿಲ್ದಾಣ. ಟೇಲರನ ಕಾಲದಲ್ಲಿ ಕುದುರೆ, ಪಲ್ಲಕ್ಕಿ, ಎತ್ತಿನ ಬಂಡಿ ಮತ್ತು ಕಾಲ್ನಡಿಗೆ ಇಷ್ಟೇ ಸಾಧನಗಳು. ಮಳೆಗಾಲದಲ್ಲಿ ಭೀಮಾ, ಕೃಷ್ಣೆಯರು ತುಂಬಿದರೆ ಪ್ರಯಾಣಿಕನು ದಡದಲ್ಲಿಯೇ ಕಾಯಬೇಕು. ಆದುದರಿಂದ ದೇಹಕ್ಕೆ ಚಲನೆಯ ಕೊರತೆ ಎಂಬ ಮಾತೇ ಅವನಿಗೆ ಇರಲಿಲ್ಲ. ವಿಶ್ರಾಂತಿಯ ಬೆಲೆಯನ್ನೂ ಅವನು ಅರಿಯದವನಲ್ಲ. ಸುರಪುರದ ಸಮೀಪದ ಬೋನಾಳ ಕೆರೆಯನ್ನು ಅಭಿವೃದ್ಧಿಪಡಿಸಿದವನು ಅವನೇ. ಇಂದು ಅದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಬೇಟೆಯ ಹವ್ಯಾಸವೂ ಅವನಿಗಿತ್ತು; ಅದು ನಮಗೆ ಅನುಕರಣೀಯವಲ್ಲ.

ಹೀಗಿದ್ದರೂ ಅವನ ದೇಹವು ಸೋತಿತು. ಭಾರತದಲ್ಲಿದ್ದಷ್ಟು ಕಾಲವೂ ಜ್ವರವು ಅವನನ್ನು ಮೇಲಿಂದ ಮೇಲೆ ಬಾಧಿಸಿತು. ಕೆಟ್ಟ ಗಾಳಿಯಿಂದ ಚಳಿಜ್ವರ ಬರುತ್ತದೆಂಬುದು ಅಂದಿನ ವೈದ್ಯರ ನಂಬಿಕೆ. ಸೊಳ್ಳೆಯೇ ಅದರ ವಾಹಕವೆಂಬ ನಿಜವು 1897ರಲ್ಲಿ ನಮಗೆ ದೂರವಲ್ಲದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನಿಂದ ಹೊರಬಿದ್ದಿತು. ಅದರ ಪ್ರಯೋಜನ ಟೇಲರನಿಗೆ ದೊರೆಯಲಿಲ್ಲ. 1853ರ ನಂತರ ನಳದುರ್ಗ, 1857ರ ಕ್ಷೋಭೆಯ ಕಾಲದಲ್ಲಿ ವರ್ಹಾಡ, 1858ರಲ್ಲಿ ತನ್ನ ಮಡಿಲಲ್ಲಿ ಬೆಳೆದ ವೆಂಕಟಪ್ಪ ನಾಯಕನ ದಾರುಣ ಅಂತ್ಯ, ಮರಳಿ ಸುರಪುರದ ಹೊಣೆ, ಹೀಗೆ ಒಂದರ ಮೇಲೊಂದು ಭಾರವು ಬಿದ್ದಿತು. 1860ರಲ್ಲಿ ಆರೋಗ್ಯವು ಸಂಪೂರ್ಣ ಕುಸಿದು, ಐವತ್ತೆರಡು ತುಂಬುವ ಹೊತ್ತಿಗೆ ಅವನು ಸ್ವದೇಶಕ್ಕೆ ಹಿಂದಿರುಗಬೇಕಾಯಿತು.

ಮುಂದಿನ ಸಂಗತಿ ಇನ್ನೂ ವಿಚಾರಣೀಯವಾದುದು. ಭಾರವನ್ನು ಇಳಿಸಿ ನಿಧಾನವಾದ ಜೀವನಕ್ರಮಕ್ಕೆ ಒಗ್ಗಿಕೊಂಡ ಮೇಲೆ ಅವನು ಮತ್ತೆ ಚೇತರಿಸಿಕೊಂಡನು. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಕಾದಂಬರಿಗಳನ್ನು ಬರೆದುದು ಈ ಕಾಲದಲ್ಲಿಯೇ. 1875ರಲ್ಲಿ ದೃಷ್ಟಿ ಕುಂದಿತು. ವೈದ್ಯರ ಸಲಹೆಯಂತೆ ಚಳಿಗಾಲ ಕಳೆಯಲು ಮತ್ತೆ ಭಾರತಕ್ಕೆ ಬಂದಾಗ ಕಾಡುಜ್ವರ ತಗುಲಿ, ಹಿಂದಿರುಗುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡನು. ಅವನ ಆತ್ಮಕಥೆಯು ಮರುವರ್ಷ ಪ್ರಕಟವಾಯಿತು.

ಜ್ವರ, ಹವೆ, ದುಃಖ ಇವೆಲ್ಲವೂ ಅವನ ಅನಾರೋಗ್ಯದಲ್ಲಿ ಪಾಲುದಾರರೇ. ಆದರೂ ನನಗೆ ಕಾಣುವ ಪಾಠವೊಂದಿದೆ. ಚಲನೆಯೊಂದೇ ಆರೋಗ್ಯವಲ್ಲ, ಚಲನೆಗೂ ದುಡಿಮೆಗೂ ಒಂದು ಪರಿಮಾಣ ಬೇಕು. ಟೇಲರನಿಗೆ ಚಲನೆಯಿತ್ತು, ಪರಿಮಾಣವಿರಲಿಲ್ಲ. ಇಂದಿನ ವರ್ತಕರಾದ ನಮಗೆ ಎರಡೂ ಇಲ್ಲ.

ಪರಿಮಾಣದ ವಿಚಾರದಲ್ಲಿ ನಮ್ಮ ಸೀಮೆಯು ಬಡವಲ್ಲ. ಯಾದಗಿರಿಯ ನೆರೆಯಲ್ಲಿರುವ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದವರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು. ಮಾಂಸಸೇವನೆ ಹಿತವಲ್ಲವೆಂಬ ಅವರ ಪ್ರತಿಪಾದನೆ ನೃಪತುಂಗನ ಸಭೆಯಲ್ಲಿಯೇ ನಡೆದುದೆಂದು ಆ ಗ್ರಂಥದಿಂದ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ನಿಯಮ. ಮಾಡಬೇಕೆಂದು ಹೇಳಿದ ಶಾಸ್ತ್ರವೇ ನಿಲ್ಲಿಸಬೇಕಾದ ಸ್ಥಳವನ್ನೂ ಹೇಳಿತು ಎಂಬುದು ಇಲ್ಲಿ ಮುಖ್ಯ.

ಶ್ರಾವಕಾಚಾರವಂತೂ ಪರಿಮಾಣದ ಶಾಸ್ತ್ರವೇ ಆಗಿದೆ. ಯಾವ ದಿಕ್ಕಿನಲ್ಲಿ ಎಷ್ಟು ದೂರ ಹೋಗಬಹುದೆಂದು ಜೀವನಕ್ಕೆಲ್ಲ ಗೆರೆ ಹಾಕಿಕೊಳ್ಳುವುದು ದಿಗ್ವ್ರತ. ಆ ಗೆರೆಯನ್ನು ಒಂದು ದಿನಕ್ಕೆ, ಒಂದು ಪಕ್ಷಕ್ಕೆ ಇನ್ನಷ್ಟು ಕಿರಿದುಗೊಳಿಸುವುದು ದೇಶಾವಕಾಶಿಕ. ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು ಊನೋದರ. ಸೂರ್ಯಾಸ್ತದೊಳಗೆ ಊಟ ಮುಗಿಸುವುದು ರಾತ್ರಿಭೋಜನ ತ್ಯಾಗ. ನಿತ್ಯ ಕಾಲ್ನಡಿಗೆಯಲ್ಲಿ ವಿಹರಿಸುವ ಮುನಿಗಳೂ ರಾತ್ರಿ ನಡೆಯುವುದಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೇ ಕಡೆ ನೆಲೆಸುತ್ತಾರೆ.

ಇವುಗಳನ್ನು ಪೂರ್ವಾಚಾರ್ಯರು ಆರೋಗ್ಯಕ್ಕಾಗಿ ವಿಧಿಸಿದರೆಂದು ಹೇಳುವುದು ಪ್ರಾಮಾಣಿಕವಾಗಲಾರದು. ಇವುಗಳ ಮೂಲ ಅಹಿಂಸೆ ಮತ್ತು ಅಪರಿಗ್ರಹ. ಆದರೆ ಅನ್ಯಜೀವಿಗೆ ತೋರಿದ ದಯೆಯು ತೋರಿದವನನ್ನೂ ಕಾಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟವಾದ ಉದಾಹರಣೆಯಿದೆ. ಬಾವಿಗಿಳಿದು ನೀರು ತುಂಬುವ ಊರುಗಳಲ್ಲಿ ನಾರುಹುಣ್ಣು ಎಂಬ ಘೋರವಾದ ಬಾಧೆ ಹಿಂದೆ ಇದ್ದುದನ್ನು ಹಿರಿಯರು ಬಲ್ಲರು. ಕಾಲಿನ ಹುಣ್ಣಿನಿಂದ ನೂಲಿನಂತಹ ಹುಳು ಹೊರಬರುತ್ತಿತ್ತು. ರೈತನು, ವರ್ತಕನು ವಾರಗಟ್ಟಲೆ ನೆಲಹಿಡಿಯುತ್ತಿದ್ದರು. ನೀರಿನಲ್ಲಿರುವ ಅತಿಸೂಕ್ಷ್ಮ ಜೀವಿಯೊಂದರ ಮೂಲಕ ಆ ಹುಳುವಿನ ಮರಿ ನಮ್ಮ ಹೊಟ್ಟೆ ಸೇರುತ್ತದೆ. ದಟ್ಟವಾದ ಬಟ್ಟೆಯಿಂದ ನೀರನ್ನು ಸೋಸುವುದೇ ಅದಕ್ಕೆ ಮುಖ್ಯವಾದ ತಡೆ. ಸರ್ಕಾರವು ನಿರ್ಮೂಲನ ಕಾರ್ಯಕ್ರಮದಲ್ಲಿ ಇದನ್ನೇ ಮನೆಮನೆಗೂ ಬೋಧಿಸಿತು. ಭಾರತದಲ್ಲಿ ಕೊನೆಯ ಪ್ರಕರಣ ಕಂಡುಬಂದುದು 1996ರಲ್ಲಿ. 2000ದಲ್ಲಿ ದೇಶವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನೀರಿನ ಜೀವಿಯನ್ನು ಉಳಿಸಲೆಂದು ಕೊಡದ ಬಾಯಿಗೆ ಬಟ್ಟೆ ಕಟ್ಟಿದ ನಮ್ಮ ಅಜ್ಜಿಯರಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ದಯೆ ತಿಳಿದಿತ್ತು, ಅದೇ ಮನೆಯನ್ನು ಕಾಯಿತು.

ಇನ್ನು ನಮ್ಮ ಇಂದಿನ ಸ್ಥಿತಿ. ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರು, ಅಲ್ಲಿಂದ ಸುರಪುರಕ್ಕೆ ಸುಮಾರು 25. ಕಾರಿನಲ್ಲಿ ಕುಳಿತರೆ ಮೂರೂ ಊರುಗಳನ್ನು ಒಂದೇ ಹೊತ್ತಿನಲ್ಲಿ ಮುಗಿಸಬಹುದು. ಆದರೆ ಉಳಿದ ಸಮಯವನ್ನು ನಾವು ವಿಶ್ರಾಂತಿಗೆ ಕೊಡುವುದಿಲ್ಲ. ನಾಲ್ಕನೆಯ ಊರಿಗೆ ಕೊಡುತ್ತೇವೆ. ನಾನು ವಾಣಿಜ್ಯಶಾಸ್ತ್ರ ಓದಿದವನು. ಪ್ರತಿ ರಾತ್ರಿ ಜಮಾ-ಖರ್ಚು ಬರೆಯದೆ ಮಲಗಿದವನಲ್ಲ. ಆದರೆ ನಿದ್ರೆ, ನಡಿಗೆ, ಹೊತ್ತಿನ ಊಟ ಇವುಗಳ ಲೆಕ್ಕವನ್ನು ಮೂವತ್ತು ವರ್ಷ ಬರೆಯಲೇ ಇಲ್ಲ. ದಾರಿಯಲ್ಲಿ ವ್ರತಕ್ಕೆ ವಿನಾಯಿತಿ ಉಂಟೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ರಾತ್ರಿ ಹತ್ತಕ್ಕೆ ಊಟ ಮಾಡಿದವನು ನಾನು. ಬೇರೆ ಯಾರನ್ನೂ ದೂರುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕನಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು. ಇದರ ಕನಿಷ್ಠ ಪ್ರಮಾಣವನ್ನು ದಿನಕ್ಕೆ ಹಂಚಿದರೆ ಇಪ್ಪತ್ತೆರಡು ನಿಮಿಷವೂ ಆಗುವುದಿಲ್ಲ. ಪ್ರತಿ ಊಟದ ಬಳಿಕ ಹತ್ತು ನಿಮಿಷ ನಡೆದರೆ ಅಷ್ಟು ತಾನಾಗಿ ಕೂಡುತ್ತದೆ. ಊಟದ ನಂತರ ಏರುವ ಸಕ್ಕರೆಯೂ ಹಿಡಿತಕ್ಕೆ ಬರುತ್ತದೆ. ರೈಲು ಕಾಯುವಾಗ ಕುರ್ಚಿ ಹುಡುಕುವ ಬದಲು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆಯಬಹುದು. ಕಾರನ್ನು ಮಾರುಕಟ್ಟೆಯ ಹೊರಗೆ ನಿಲ್ಲಿಸಿ ಅಂಗಡಿಯಿಂದ ಅಂಗಡಿಗೆ ಕಾಲಿನಲ್ಲಿ ಹೋಗಬಹುದು. ನಮ್ಮ ಬೇಸಿಗೆಯಲ್ಲಿ ತಾಪವು 40 ಡಿಗ್ರಿಯನ್ನು ದಾಟುವುದರಿಂದ ನಡಿಗೆಯನ್ನು ಸೂರ್ಯೋದಯದ ಹೊತ್ತಿಗೇ ಮುಗಿಸಬೇಕು. ಕಾಯಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಬೇಕು. ಮಧುಮೇಹಕ್ಕೆ ಔಷಧ ಸೇವಿಸುವವರು ಉಪವಾಸವನ್ನಾಗಲಿ, ಊಟದ ಹೊತ್ತಿನ ಬದಲಾವಣೆಯನ್ನಾಗಲಿ ವೈದ್ಯರನ್ನು ಕೇಳದೆ ಮಾಡಬಾರದು. ಸಕ್ಕರೆ ಏಕಾಏಕಿ ಕುಸಿದರೆ ಅಪಾಯವುಂಟು. ಇವೆಲ್ಲಕ್ಕೂ ಮಿಗಿಲಾಗಿ, ಸಂಜೆಯ ಬಳಿಕ ಹೊಸ ಊರಿಗೆ ಹೊರಡುವುದಿಲ್ಲವೆಂಬ ಒಂದು ಗೆರೆಯನ್ನು ಹಾಕಿಕೊಳ್ಳಬೇಕು. ಅದು ದೇಶಾವಕಾಶಿಕದ ಅತಿ ಚಿಕ್ಕ ರೂಪ. ಈಚಿನ ವರ್ಷಗಳಲ್ಲಿ ನಾನು ಉಳಿಸಿಕೊಂಡಿರುವುದು ಈ ಗೆರೆಯೊಂದನ್ನೇ. ಇತರ ಅಭ್ಯಾಸಗಳು ಅದರ ಹಿಂದೆಯೇ ಬಂದವು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಚತುರ್ವಿಧ ದಾನಗಳಲ್ಲಿ ಆಹಾರದಾನ, ಔಷಧದಾನಗಳೆರಡೂ ಸೇರಿವೆ. ದಾರಿಯ ಮೇಲಿರುವ ವರ್ತಕನು, ಔಷಧ ಮಾರಾಟದ ಪ್ರತಿನಿಧಿಯಾದ ಯುವಕನು, ಬಸ್ಸಿನಲ್ಲಿ ಓಡಾಡುವ ಶಿಕ್ಷಕಿಯು ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡಬಯಸಿದರೆ ಎಷ್ಟೋ ಊರುಗಳಲ್ಲಿ ಅದು ದೊರೆಯುವುದಿಲ್ಲ. ನಮ್ಮ ಧರ್ಮಶಾಲೆಗಳಲ್ಲಿ ಸಂಜೆ ಐದರಿಂದ ಸರಳವಾದ ಊಟ, ಸೋಸಿ ಕಾಯಿಸಿದ ನೀರು, ಬೆಳಿಗ್ಗೆ ನಡೆಯಲು ಸ್ವಚ್ಛವಾದ ಪ್ರಾಕಾರ, ತಿಂಗಳಿಗೊಮ್ಮೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಇಷ್ಟು ಏರ್ಪಟ್ಟರೆ ಸಾಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಜಾತಿ ಮತಗಳನ್ನು ಎಣಿಸದೆ ಪ್ರಯಾಣಿಕರೆಲ್ಲರಿಗೂ ಇದು ದೊರೆಯುವಂತಾದರೆ ದಾನವು ಸಾರ್ಥಕವಾದೀತು.

ಈಗ ನನ್ನ ಮಗನು ಅದೇ ದಾರಿಯಲ್ಲಿ ವ್ಯಾಪಾರ ಮಾಡುತ್ತಿದ್ದಾನೆ. ಕಳೆದ ಚಳಿಗಾಲದಲ್ಲಿ ಅವನನ್ನು ಕರೆದುಕೊಂಡು ಮತ್ತೆ ಸುರಪುರದ ಗುಡ್ಡವನ್ನು ಹತ್ತಿದೆನು. ನಡುವೆ ಏದುಸಿರಿನಿಂದ ನಿಂತವನು ಅವನು, ವಯಸ್ಸು ಮೂವತ್ತನಾಲ್ಕು. ಟೇಲರನ ಕಥೆಯನ್ನು ಅಲ್ಲಿಯೇ ಕುಳಿತು ಹೇಳಿದೆನು. ಕೇಳಿದ ಬಳಿಕ ಅವನು ಆ ಸಂಜೆಯ ರಾಯಚೂರಿನ ಪ್ರಯಾಣವನ್ನು ಮರುದಿನಕ್ಕೆ ಮುಂದೂಡಿದನು. ಹೊತ್ತು ಮುಳುಗುವ ಮೊದಲೇ ನಾವಿಬ್ಬರೂ ಯಾದಗಿರಿಯ ಮನೆಯನ್ನು ಸೇರಿ ಊಟ ಮಾಡಿದೆವು. ಒಂದು ದಿನದ ವ್ಯಾಪಾರ ತಡವಾಯಿತು, ನಷ್ಟವೇನೂ ಆಗಲಿಲ್ಲ.