ಚಿಮಣಿ ಎಣ್ಣಿ ವಾಸನೆಯ ದ್ರಾಕ್ಷಾರಸ

"ಏ, ಇದಕ್ಕ ಚಿಮಣಿ ಎಣ್ಣಿ ವಾಸನಿ ಹೊಡೀತದಲ್ಲೋ!" ಅಂತ ಧಾರವಾಡದ ಗೆಳೆಯ ಗ್ಲಾಸು ಕೆಳಗಿಟ್ಟ. ಪಕ್ಕದಲ್ಲಿದ್ದ ಮರಾಠಿ ಮಿತ್ರರು ಮೂಸಿ ನೋಡಿ "ಹೋ, ರಾಕೇಲ್!" ಅಂದರು. ನಾನು ಹಳೇ ಮೈಸೂರು ಕಡೆಯವನು, ನನ್ನ ಮೂಗಿಗೆ ಅದು ಸೀಮೆಎಣ್ಣೆ. ಹೆಸರು ಮೂರು, ವಾಸನೆ ಒಂದೇ. ರೇಷನ್ ಅಂಗಡಿಯ ಕ್ಯೂನಲ್ಲಿ ಡಬ್ಬ ಹಿಡಿದು ನಿಂತ ತಲೆಮಾರು ನಮ್ಮದು, ಈ ಒಂದು ವಿಷಯದಲ್ಲಿ ನಮ್ಮ ಮೂಗಿಗೆ ಯಾವ ವೈನ್ ಪಂಡಿತರೂ ಪಾಠ ಹೇಳಬೇಕಾಗಿಲ್ಲ.

ಬಾಟಲಿ ಕೆಟ್ಟಿರಲಿಲ್ಲ. ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯ ಗುಣವೇ ಅದು. ಬಿಸಿಲು ಜೋರಾಗಿ ಬಿದ್ದ ಹಣ್ಣಿನ ಸಿಪ್ಪೆಯಲ್ಲಿರುವ ಕೆಲವು ಪದಾರ್ಥಗಳು ಬಾಟಲಿಯಲ್ಲಿ ವರ್ಷಗಟ್ಟಲೆ ಕೂತು ನಿಧಾನವಾಗಿ ಟಿಡಿಎನ್ ಎಂಬ ರಾಸಾಯನಿಕವಾಗುತ್ತವೆ, ವಾಸನೆ ಬರುವುದು ಅದರಿಂದ. ಕೆಲವರು ಇದಕ್ಕಾಗಿಯೇ ಹಳೇ ಬಾಟಲಿ ಹುಡುಕಿಕೊಂಡು ಹೋಗುತ್ತಾರೆ, ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ.

ಆವತ್ತು ಪುಣೆಯ ನಮ್ಮ ಮನೆಯಲ್ಲಿ ಸೇರಿದ್ದು ಐದು ಬಾಟಲಿ. ವಿಮಾನದಲ್ಲಿ ಬರುವವರು ತಲೆಗೆ ಎರಡೇ ಲೀಟರ್ ತರಬಹುದಾದ್ದರಿಂದ ಮಕ್ಕಳು, ಅಳಿಯಂದಿರು ಅಂತ ಬಂದಾಗಲೆಲ್ಲ ಒಂದೊಂದೇ ಕೂಡಿಟ್ಟದ್ದು. ಜರ್ಮನಿಯ ಮೋಸೆಲ್ ಕಣಿವೆಯದೊಂದು, ರೈನ್‌ಗೌ ಪ್ರಾಂತದ್ದೊಂದು, ಫ್ರಾನ್ಸಿನ ಆಲ್ಸೇಸಿನದು, ಆಸ್ಟ್ರಿಯಾದ ವಾಖಾವ್‌ನದು. ಈ ನಾಲ್ಕೂ ರೀಸ್ಲಿಂಗ್. ಹೋಲಿಸಿ ನೋಡೋಣ ಅಂತ ಐದನೆಯದು ಫ್ರಾನ್ಸಿನ ಶಾಬ್ಲಿ, ಅಂದರೆ ಶಾರ್ಡನೇ ದ್ರಾಕ್ಷಿಯದು. ಶಾಬ್ಲಿಯನ್ನು ಹೊರಗಿನವನು ಅಂದುಕೊಂಡೇ ಇಟ್ಟಿದ್ದೆವು. ಆಮೇಲೆ ಓದಿದರೆ ಅವನೂ ದಾಯಾದಿಯೇ! ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳುವಂತೆ ರೀಸ್ಲಿಂಗಿಗೂ ಶಾರ್ಡನೇಗೂ ಹೆತ್ತವರ ಪೈಕಿ ಒಬ್ಬರು ಒಂದೇ: ಜರ್ಮನ್ನರು ಹೊಯ್‌ನಿಷ್, ಫ್ರೆಂಚರು ಗುವೇ ಬ್ಲಾಂಕ್ ಅನ್ನುವ ತಳಿ. ಬಡ ರೈತರು ಬೆಳೆಯುತ್ತಿದ್ದ, ದೊಡ್ಡವರು ಕೀಳೆಂದು ಹಳಿಯುತ್ತಿದ್ದ ಹುಳಿದ್ರಾಕ್ಷಿ ಅದು. ಯುರೋಪಿನ ಅತಿ ಕುಲೀನ ವೈನುಗಳ ವಂಶವೃಕ್ಷ ಬಿಡಿಸಿದರೆ ಹೀಗೆ.

ರೀಸ್ಲಿಂಗ್ ಹೆಸರು ಕಾಗದದ ಮೇಲೆ ಮೊದಲು ಸಿಗುವುದು 1435ರ ಮಾರ್ಚ್ 13ರ ಒಂದು ಲೆಕ್ಕದಲ್ಲಿ. ರೂಸೆಲ್ಸ್‌ಹೈಮ್ ಕೋಟೆಯ ಉಗ್ರಾಣದ ಲೆಕ್ಕಪತ್ರ. ಕಾಟ್ಸೆನೆಲ್ನ್‌ಬೋಗೆನ್ ಎಂಬ ಬಾಯಿ ತಿರುಗದ ಹೆಸರಿನ ಕೌಂಟನ ತೋಟಕ್ಕೆ ರೀಸ್ಲಿಂಗ್ ಬಳ್ಳಿ ಕೊಂಡದ್ದಕ್ಕೆ 22 ಶಿಲ್ಲಿಂಗ್ ಖರ್ಚು ಬರೆದಿದ್ದಾರೆ. ಕವಿಗಳು ಹಾಡುವ ಮೊದಲೇ ಗುಮಾಸ್ತ ಬರೆದಿಟ್ಟಿದ್ದಾನೆ ನೋಡಿ.

ಅಲ್ಲಿಂದ ಮುಂದೆ ಮೂರು ಶತಮಾನ ಹಾರಿಬಿಡೋಣ. 1716ರಲ್ಲಿ ಫುಲ್ಡಾ ಮಠದ ಅಧಿಪತಿ ಕಾನ್‌ಸ್ಟಾಂಟಿನ್ ಫಾನ್ ಬುಟ್ಲಾರ್ ರೈನ್ ದಂಡೆಯ ಯೋಹಾನಿಸ್‌ಬೆರ್ಗ್ ಎಸ್ಟೇಟನ್ನು ಕೊಂಡ. 1720ರಿಂದ ಅಲ್ಲಿ 2,94,000 ರೀಸ್ಲಿಂಗ್ ಬಳ್ಳಿ ನೆಡಿಸಿದ. ನಾನಾ ತಳಿಗಳನ್ನು ಕಲಸಿ ಬೆಳೆಯುವುದೇ ರೂಢಿಯಾಗಿದ್ದ ಕಾಲದಲ್ಲಿ ಗುಡ್ಡಕ್ಕೆ ಗುಡ್ಡವೇ ಒಂದೇ ತಳಿ. ಹಣ್ಣು ಯಾವಾಗ ಕೀಳಬೇಕು ಅನ್ನುವುದಕ್ಕೆ ಮಾತ್ರ ಫುಲ್ಡಾದ ಅಪ್ಪಣೆ ಬೇಕು. ಪ್ರತಿ ವರ್ಷ ಒಬ್ಬ ಸವಾರ ಮಾದರಿ ಗೊಂಚಲು ಹಿಡಿದುಕೊಂಡು ಹೋಗಿ ಅಪ್ಪಣೆ ಚೀಟಿ ತರಬೇಕು. 1775ರಲ್ಲಿ ಈ ಪುಣ್ಯಾತ್ಮ ದಿನಗಟ್ಟಲೆ ತಡಮಾಡಿ ಬಂದನಂತೆ. ಅಷ್ಟರಲ್ಲಿ ದ್ರಾಕ್ಷಿಗೆ ಬೂಷ್ಟು ಹಿಡಿದು ಸುಕ್ಕುಗಟ್ಟಿತ್ತು. ಬಿಸಾಡಲು ಮನಸ್ಸು ಬಾರದೆ ಹಿಂಡಿದರು. ವೈನು ಅಮೃತವಾಗಿತ್ತು! ತಡವಾಗಿ ಕೊಯ್ದದ್ದು ಎಂಬ ಅರ್ಥದ 'ಷ್ಪೇಟ್‌ಲೇಸೆ' ಹೆಸರು ಅಲ್ಲಿಂದ ಹುಟ್ಟಿತು ಅನ್ನುತ್ತಾರೆ. ತಡಮಾಡಿದ ಸವಾರನಿಗೆ ಅಂಗಳದಲ್ಲಿ ಪ್ರತಿಮೆ ಬೇರೆ ಇದೆ. ಕಥೆಗೆ ಒಂದಿಷ್ಟು ಉಪ್ಪುಖಾರ ಸೇರಿದೆ ಅಂತ ನನ್ನ ಅನುಮಾನ. ಹಂಗೇರಿಯ ಟೊಕಾಯ್‌ನವರಿಗೆ ಬೂಷ್ಟು ಹಿಡಿದ ದ್ರಾಕ್ಷಿಯ ಮಹಿಮೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಆದರೂ ಸರಕಾರಿ ಕಡತ ತಡವಾದದ್ದರಿಂದ ಲೋಕಕ್ಕೆ ಒಳ್ಳೆಯದಾದ ಪ್ರಸಂಗ ಎಷ್ಟು ಅಪರೂಪ, ನಂಬಿಬಿಡೋಣ.

ಹತ್ತೊಂಬತ್ತನೇ ಶತಮಾನ ರೀಸ್ಲಿಂಗಿನ ಸುವರ್ಣಯುಗ. 1845ರಲ್ಲಿ ವಿಕ್ಟೋರಿಯಾ ರಾಣಿ ಹೋಖ್‌ಹೈಮ್ ದ್ರಾಕ್ಷಿತೋಟಕ್ಕೆ ಹೋಗಿದ್ದಳು. ಆ ಊರಿನ ಹೆಸರನ್ನೇ ಮೊಟಕು ಮಾಡಿ ಇಂಗ್ಲಿಷರು ರೈನ್ ವೈನಿಗೆಲ್ಲ 'ಹಾಕ್' ಅನ್ನುತ್ತಿದ್ದರು. ಆ ಶತಮಾನದ ಕೊನೆಯ ಲಂಡನ್ ಅಂಗಡಿಗಳ ದರಪಟ್ಟಿಯಲ್ಲಿ ಒಳ್ಳೆಯ ಹಾಕ್ ಬೋರ್ಡೋದ ಅತ್ಯುತ್ತಮ ವೈನುಗಳಿಗೆ ಸರಿಸಮ, ಕೆಲವೊಮ್ಮೆ ಒಂದು ಕೈ ಮೇಲೆ. ಇವತ್ತು ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಮರಾಠಿ ಮಿತ್ರರೂ ನಂಬಲಿಲ್ಲ. "ಹಾಗಿದ್ದರೆ ಈಗ ಯಾಕೆ ಇಷ್ಟು ಅಗ್ಗ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ.

ವೈನ್ ಪುಸ್ತಕಗಳು ಸಾಮಾನ್ಯವಾಗಿ ಎರಡು ಮಹಾಯುದ್ಧ, ಫಿಲಾಕ್ಸೆರಾ ಹುಳ ಅಂತ ಹೇಳಿ ಮುಂದೆ ಹೋಗುತ್ತವೆ. ನನಗೆ ಅಲ್ಲೇ ನಿಲ್ಲಬೇಕು ಅನ್ನಿಸುತ್ತದೆ. ವೈನು ಮಾಡುವವನು ರೈತ, ಅದಕ್ಕೆ ಹೆಸರು ತರುವವನು ವ್ಯಾಪಾರಿ. ಮೋಸೆಲ್, ರೈನ್, ಫಾಲ್ಟ್ಸ್ ಕಡೆಯ ಈ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಯಹೂದಿಗಳು. ಲಂಡನ್, ನ್ಯೂಯಾರ್ಕಿನ ಗಿರಾಕಿಯ ನಾಲಿಗೆ ಅರಿತವರು, ಚಿಕ್ಕ ರೈತನ ಪೀಪಾಯಿಯನ್ನು ದೂರದ ಪೇಟೆಗೆ ಮುಟ್ಟಿಸಿದವರು. 1933ರಲ್ಲಿ ಹಿಟ್ಲರ್ ಬಂದ ಮೇಲೆ ಅವರನ್ನು ಹಂತ ಹಂತವಾಗಿ ಹೊರಗಟ್ಟಿದರು, 1938ರ ಹೊತ್ತಿಗೆ ಕೊನೆಯ ಬಾಗಿಲೂ ಮುಚ್ಚಿತು. ಮಧ್ಯೆ 1934 ಮತ್ತು 1935ರಲ್ಲಿ ಭರ್ಜರಿ ಬೆಳೆ. ಮಾರುವವರನ್ನೇ ಓಡಿಸಿಯಾಗಿದೆ, ಪೀಪಾಯಿ ಯಾರು ಕೊಳ್ಳಬೇಕು? ಜರ್ಮನ್ ನಗರಗಳು ಒಂದೊಂದು ದ್ರಾಕ್ಷಿ ಹಳ್ಳಿಯನ್ನು ದತ್ತು ತೆಗೆದುಕೊಂಡು ವೈನು ಕೊಳ್ಳಬೇಕು ಅಂತ ಯೋಜನೆ ಹಾಕಿದರು. ಇವತ್ತು ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುವ ಫಾಲ್ಟ್ಸಿನ 'ಜರ್ಮನ್ ವೈನ್ ರಸ್ತೆ' ಶುರುವಾದದ್ದೂ 1935ರಲ್ಲೇ, ಅಲ್ಲಿನ ನಾಜಿ ಮುಖಂಡ ಬ್ಯೂರ್ಕೆಲ್‌ನ ಕೈಯಿಂದ.

ಹೊರಟುಹೋದವರಲ್ಲಿ ಮೈಂಜ್ ನಗರದ ಸಿಷೆಲ್ ಕುಟುಂಬವೂ ಒಂದು. 1857ರಿಂದ ವೈನು ವ್ಯಾಪಾರ ಮಾಡಿಕೊಂಡಿದ್ದ ಮನೆತನ. 1922ರಲ್ಲಿ ಹುಟ್ಟಿದ ಪೀಟರ್ ಸಿಷೆಲ್ ಕುಟುಂಬದೊಂದಿಗೆ ಫ್ರಾನ್ಸಿಗೆ ಓಡಿದ. ಅಲ್ಲಿ ಯುದ್ಧ ಶುರುವಾದಾಗ 'ಶತ್ರುದೇಶದವನು' ಅಂತ ಕೂಡಿಹಾಕಿದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಸೈನ್ಯ ಸೇರಿ, ಗೂಢಚಾರನಾಗಿ, ಸಿಐಎಯಲ್ಲಿ ಬರ್ಲಿನ್, ಹಾಂಗ್‌ಕಾಂಗ್ ಅಂತ ಕೆಲಸ ಮಾಡಿದ. ಆಮೇಲೆ ಅದನ್ನು ಬಿಟ್ಟು ಮನೆಯ ವೈನು ವ್ಯಾಪಾರಕ್ಕೇ ಮರಳಿದ. ಅವನು ಲೋಕಕ್ಕೆಲ್ಲ ಮಾರಿದ್ದು ಬ್ಲೂ ನನ್. ಲೀಬ್‌ಫ್ರೌಮಿಲ್ಖ್ ಜಾತಿಯ ಸಿಹಿ ಸಿಹಿ ವೈನು. ಮೀನಿಗೂ ಸೈ, ಮಾಂಸಕ್ಕೂ ಸೈ, ತಲೆಕೆಡಿಸಿಕೊಳ್ಳಬೇಡಿ ಅನ್ನುವ ಜಾಹೀರಾತು. 1970-80ರ ದಶಕಗಳಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಜರ್ಮನ್ ವೈನು ಅಂದರೆ ಅದೇ. ಜರ್ಮನ್ ವೈನಿಗೆ ಸಕ್ಕರೆ ನೀರು ಎಂಬ ಹೆಸರು ಬಂದದ್ದರಲ್ಲಿ ಅದಕ್ಕೂ ಪಾಲಿದೆ ಅಂತ ವೈನ್ ಪಂಡಿತರು ಬೈಯುತ್ತಾರೆ. ಇರಬಹುದು. ಆದರೆ ತನ್ನನ್ನು ಓಡಿಸಿದ ನಾಡಿನ ವೈನನ್ನು ಮತ್ತೆ ಲೋಕದ ಮೇಜಿಗೆ ತಂದಿಟ್ಟ ಮನುಷ್ಯನನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಅವನು ತೀರಿಕೊಂಡದ್ದು 2025ರಲ್ಲಿ, 102 ವರ್ಷ ತುಂಬು ಬಾಳು ಬಾಳಿ.

ಬೈಯಲೇಬೇಕು ಅಂದರೆ 1971ರ ಜರ್ಮನ್ ವೈನ್ ಕಾನೂನನ್ನು ಬೈಯಬೇಕು. ಸುಮಾರು 30,000 ತೋಟದ ಹೆಸರುಗಳನ್ನು ಒಟ್ಟುಗೂಡಿಸಿ 2,600ರ ಆಸುಪಾಸಿಗೆ ಇಳಿಸಿದರು. ಕಡಿದಾದ ಗುಡ್ಡದ ಹೆಸರನ್ನು ಕೆಳಗಿನ ಬಯಲಿಗೂ ಹಚ್ಚುವ ಅವಕಾಶ. ಅದಕ್ಕಿಂತ ಕೆಟ್ಟದ್ದು, ವೈನಿನ ದರ್ಜೆಯನ್ನು ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ ಅನ್ನುವುದರ ಮೇಲೆ ನಿಲ್ಲಿಸಿದ್ದು. ಅಂಥ ಕಾಲಕ್ಕೆ ಹೇಳಿ ಮಾಡಿಸಿದ ತಳಿ ಮ್ಯುಲರ್-ತುರ್ಗೌ. 1882ರಲ್ಲಿ ಗೈಸೆನ್‌ಹೈಮ್‌ನಲ್ಲಿ ಹುಟ್ಟಿದ್ದು. ಬೇಗ ಮಾಗುತ್ತದೆ, ಬೇಕಾದಷ್ಟು ಬಿಡುತ್ತದೆ, ರುಚಿ ಮಾತ್ರ ಅಷ್ಟಕ್ಕಷ್ಟೆ. 1970ರ ದಶಕದಲ್ಲಿ ಅದು ರೀಸ್ಲಿಂಗನ್ನೇ ಹಿಂದೆ ಹಾಕಿತ್ತು. 1985ರಲ್ಲಿ ಆಸ್ಟ್ರಿಯಾದ ಕೆಲವರು ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಬೆರೆಸಿ ಸಿಕ್ಕಿಬಿದ್ದರು. ಆ ದೇಶದ ರಫ್ತು ನೆಲಕಚ್ಚಿತು, ಜರ್ಮನಿಯ ಮಾನಕ್ಕೂ ಮಸಿ ಹತ್ತಿತು. ರೀಸ್ಲಿಂಗ್ ಜರ್ಮನಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂದದ್ದು 1990ರ ದಶಕದ ನಡುವಿನಲ್ಲಿ.

ಇನ್ನು ಆವತ್ತಿನ ಸಂಜೆಗೆ ಬರೋಣ. ಮೋಸೆಲ್‌ನ ಕಾಬಿನೆಟ್‌ನಲ್ಲಿ ಆಲ್ಕೋಹಾಲ್ ಶೇಕಡ 8 ಮಾತ್ರ, ಸಿಹಿಯಿದೆ, ಆದರೆ ಹುಳಿ ಅದನ್ನು ಎತ್ತಿ ಹಿಡಿದಿದೆ. ಗೊಜ್ಜಿಗೆ ಹುಣಸೆಹುಳಿ, ಬೆಲ್ಲ ಎರಡೂ ಸರಿಯಾಗಿ ಬಿದ್ದಾಗ ಯಾವುದು ಹೆಚ್ಚು ಅಂತ ಹೇಳಲಾಗದಲ್ಲ, ಹಾಗೆ. ನನ್ನ ಓಟು ಅದಕ್ಕೆ. ರೈನ್‌ಗೌ ವೈನು ಒಣ, ಗಂಭೀರ. ವಾಖಾವ್‌ನದು 'ಫೆಡರ್‌ಷ್ಪೀಲ್' ದರ್ಜೆ. ಗಿಡುಗನ ಬೇಟೆಯಿಂದ ಬಂದ ಹೆಸರಂತೆ. ಚುರುಕಾಗಿತ್ತು, ಅಷ್ಟೆ. ಶಾಬ್ಲಿ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿ ಜಗಳವಾಯಿತು, ಬಿಡಿ.

ಚಿಮಣಿ ಎಣ್ಣೆಯದು ಆಲ್ಸೇಸಿನ ಬಾಟಲಿ, ಐದರಲ್ಲೂ ಹಿರಿಯ. ಅದರ ಊರಿನ ಕಥೆ ಕೇಳಿದರೆ ಬೆಳಗಾವಿ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. 1871ರಲ್ಲಿ ಜರ್ಮನಿಗೆ ಸೇರಿತು, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿದಾಗ ಮತ್ತೆ ಫ್ರಾನ್ಸಿಗೆ. 1870ರಲ್ಲಿ ಹುಟ್ಟಿ 1945ರ ತನಕ ಬದುಕಿದ ದ್ರಾಕ್ಷಿ ಬೆಳೆಗಾರ ಮನೆ ಬಿಟ್ಟು ಕದಲದೆ ನಾಲ್ಕು ಸಲ ದೇಶ ಬದಲಿಸಿದಂತಾಯಿತು. ಬಾಟಲಿ ಮಾತ್ರ ರೈನ್ ಕಡೆಯದರಂತೆ ಉದ್ದ ಕತ್ತಿನದೇ ಉಳಿಯಿತು, ರೀಸ್ಲಿಂಗ್ ಎಂಬ ಜರ್ಮನ್ ಹೆಸರೂ ಉಳಿಯಿತು. ರುಚಿಯಲ್ಲಿ ಮಾತ್ರ ಒಣಗಿದ, ಮೈಕಟ್ಟಿದ ವೈನು ಅವರದು. ಇತ್ತೀಚೆಗೆ ಅಲ್ಲೂ ಸಿಹಿ ಹೆಚ್ಚಿತು ಎಂಬ ದೂರು ಬಂದು, 2021ರ ಬೆಳೆಯಿಂದ ಸಿಹಿ ಎಷ್ಟು ಅಂತ ಲೇಬಲ್ಲಿನಲ್ಲಿ ಹೇಳಲೇಬೇಕು ಅಂತ ನಿಯಮ ಮಾಡಿದ್ದಾರೆ. ನಮ್ಮದು ಅದಕ್ಕೂ ಹಳೆಯದು, ಕುಡಿದೇ ತಿಳಿಯಬೇಕಿತ್ತು.

ರಾತ್ರಿ ಹನ್ನೊಂದಕ್ಕೆ ನೋಡಿದರೆ ನಾಲ್ಕು ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ಉಳಿದಿತ್ತು, ಆಲ್ಸೇಸಿನದು ಪೂರ್ತಿ ಖಾಲಿ. ಧಾರವಾಡದವನ ಗ್ಲಾಸು ಅದರ ಪಕ್ಕದಲ್ಲೇ ಇತ್ತು. "ಯಾಕೋ, ಚಿಮಣಿ ಎಣ್ಣಿ ಅಂತಿದ್ದಿ?" ಅಂದೆ. "ಹೌದಪಾ, ಸಣ್ಣಾವ ಇದ್ದಾಗ ಕಂದೀಲಿನ ಮುಂದ ಕೂತು ಓದಿದ್ದು ನೆನಪಾತು" ಅಂದ.