ತಾಲ್ಲೂಕು ಕಚೇರಿ ಸ್ವಿಚ್‌ನ ಮಾರ್ಗಪಟ್ಟಿ: ‘ಸರ್ವರ್ ಇಲ್ಲ’ ಎಂಬ ಉತ್ತರದ ಅರ್ಥ

ಜಾತಿ, ಆದಾಯ ಪ್ರಮಾಣಪತ್ರ ಅಥವಾ ಪಹಣಿಗಾಗಿ ತಾಲ್ಲೂಕು ಕಚೇರಿ ಹಾಗೂ ನಾಡಕಚೇರಿಗಳಿಗೆ ಬರುವ ಸಾರ್ವಜನಿಕರಿಗೆ ಕೆಲವೊಮ್ಮೆ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆಯುವುದುಂಟು. ಈ ಒಂದೇ ಮಾತಿನ ಹಿಂದೆ ಬೇರೆ ಬೇರೆ ದೋಷಗಳಿರಬಹುದು. ದೋಷವು ಕಚೇರಿಯಲ್ಲಿದೆಯೇ, ದಾರಿಯಲ್ಲಿದೆಯೇ ಅಥವಾ ಬೆಂಗಳೂರಿನಲ್ಲಿದೆಯೇ ಎಂಬುದನ್ನು ಕಚೇರಿಯ ಸ್ವಿಚ್‌ನಲ್ಲಿರುವ ಮಾರ್ಗಪಟ್ಟಿ, ಅಂದರೆ ರೌಟಿಂಗ್ ಟೇಬಲ್, ಬಹುಮಟ್ಟಿಗೆ ತಿಳಿಸುತ್ತದೆ. ಪಟ್ಟಿಯನ್ನು ತೆರೆದು ನೋಡುವುದು ತಾಂತ್ರಿಕ ಸಿಬ್ಬಂದಿಯ ಕೆಲಸ. ಆದರೆ ಅದರಲ್ಲಿ ಏನಿರುತ್ತದೆ ಎಂಬುದನ್ನು ಅರಿತ ಅರ್ಜಿದಾರರು ಕಾರ್ಕಳದಿಂದ ಉಡುಪಿಗೆ ವೃಥಾ ಬಸ್ಸು ಹಿಡಿಯುವುದು ತಪ್ಪುತ್ತದೆ.

ಜಾಲದ ವ್ಯವಸ್ಥೆ

ಕರ್ನಾಟಕ ರಾಜ್ಯ ವಿಶಾಲ ಪ್ರದೇಶ ಜಾಲವು (ಕೆ-ಸ್ವಾನ್) ರಾಜ್ಯ, ಜಿಲ್ಲೆ ಮತ್ತು ತಾಲ್ಲೂಕು ಎಂಬ ಮೂರು ಹಂತಗಳಲ್ಲಿ ರೂಪುಗೊಂಡಿದೆ. ಉಡುಪಿ ಜಿಲ್ಲೆಯ ಆಡಳಿತ ಕೇಂದ್ರವು ಮಣಿಪಾಲದ ರಜತಾದ್ರಿಯಲ್ಲಿದೆ. ಕಾರ್ಕಳವು ಹಳೆಯ ತಾಲ್ಲೂಕು. ಕಾಪು 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕು. ಇಂತಹ ಜಾಲದಲ್ಲಿ ತಾಲ್ಲೂಕಿನ ಮಾಹಿತಿಯು ಮೊದಲು ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗುತ್ತದೆ.

ಪಟ್ಟಿಯ ಒಂದು ಸಾಲು

ಭದ್ರತೆಯ ದೃಷ್ಟಿಯಿಂದ ವಾಸ್ತವಿಕ ವಿಳಾಸಗಳನ್ನು ಇಲ್ಲಿ ನೀಡಿಲ್ಲ. ತಾಲ್ಲೂಕು ಕಚೇರಿಯೊಂದರ ಸ್ವಿಚ್‌ನಲ್ಲಿ ಕಾಣಬಹುದಾದ ಸಾಲನ್ನು ಉದಾಹರಣೆಗಾಗಿ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ:

ಓ 10.40.0.0/16 [110/20] ವಯಾ 10.60.1.1, 00:02:14, ಗಿಗಾಬಿಟ್ ಈಥರ್ನೆಟ್ 1/0/24

ಮೊದಲ ಅಕ್ಷರವು ದಾರಿ ಹೇಗೆ ತಿಳಿದುಬಂತು ಎಂಬುದನ್ನು ಸೂಚಿಸುತ್ತದೆ. ‘ಸಿ’ ಎಂದಿದ್ದರೆ ಸ್ವಿಚ್‌ಗೆ ನೇರವಾಗಿ ಜೋಡಿಸಿದ ಜಾಲ. ‘ಎಸ್’ ಎಂದಿದ್ದರೆ ಸಿಬ್ಬಂದಿ ಕೈಯಾರೆ ನಮೂದಿಸಿದ ದಾರಿ. ‘ಓ’ ಎಂದಿದ್ದರೆ ಓಎಸ್‌ಪಿಎಫ್ ಎಂಬ ನಿಯಮಾವಳಿಯ ಮೂಲಕ ನೆರೆಯ ಸಾಧನಗಳಿಂದ ಕಲಿತ ದಾರಿ. ಮುಂದಿನದು ತಲುಪಬೇಕಾದ ಜಾಲ. ಅದರ ಜೊತೆಗಿರುವ /16 ಎಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ 16 ಹೊಂದಿದರೆ ಸಾಕು. ಒಂದಕ್ಕಿಂತ ಹೆಚ್ಚು ಸಾಲುಗಳು ಹೊಂದಿದಾಗ ಹೆಚ್ಚು ಬಿಟ್‌ಗಳ ಸಾಲಿಗೆ ಮನ್ನಣೆ. ಸರ್ವೆ ನಂಬರಿಗಿಂತ ಹಿಸ್ಸಾ ನಂಬರು ಜಮೀನನ್ನು ನಿಖರವಾಗಿ ತೋರಿಸುವಂತೆಯೇ ಇದು. ಯಾವ ಸಾಲೂ ಹೊಂದದಿದ್ದಲ್ಲಿ 0.0.0.0/0 ಎಂಬ ಪೂರ್ವನಿಯೋಜಿತ ದಾರಿಯನ್ನು ಅನುಸರಿಸಲಾಗುತ್ತದೆ. ಅದೂ ಇಲ್ಲದಿದ್ದರೆ ಮಾಹಿತಿ ಅಲ್ಲಿಯೇ ನಿಲ್ಲುತ್ತದೆ.

ಆವರಣದಲ್ಲಿರುವ 110 ಎಂಬುದು ದಾರಿ ತಿಳಿಸಿದ ಮೂಲದ ವಿಶ್ವಾಸಾರ್ಹತೆಯ ಅಂಕಿ. ಇದು ಕಡಿಮೆಯಿದ್ದಷ್ಟೂ ಉತ್ತಮ: ನೇರ ಜೋಡಣೆಗೆ 0, ಕೈಯಾರೆ ನಮೂದಿಸಿದ್ದಕ್ಕೆ 1. ಎರಡನೆಯ ಅಂಕಿ 20 ದಾರಿಯ ವೆಚ್ಚ. ‘ವಯಾ’ ನಂತರದ್ದು ಮುಂದಿನ ನಿಲ್ದಾಣ, ಅದರ ಮುಂದಿನದು ದಾರಿಯ ಮಾಹಿತಿ ಬಂದು ಕಳೆದ ಅವಧಿ, ಕೊನೆಯದು ಹೊರಹೋಗುವ ದ್ವಾರ.

ಗಮನಿಸಬೇಕಾದ ಅಂಶಗಳು

ವೆಚ್ಚ ಮತ್ತು ಅವಧಿ, ಇವೆರಡೂ ಹೆಚ್ಚಿನ ಸಂಗತಿ ಹೇಳುತ್ತವೆ. ನಿನ್ನೆ 20 ಇದ್ದ ವೆಚ್ಚ ಇಂದು 1020 ಆಗಿ, ಹೊರದ್ವಾರವೂ ಬದಲಾಗಿದ್ದರೆ, ಮುಖ್ಯ ದಾರಿ ಕಡಿದು ಬದಲಿ ದಾರಿ ಬಳಕೆಯಲ್ಲಿದೆ ಎಂದು ತಿಳಿಯಬೇಕು. ಬದಲಿ ದಾರಿ ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣುವುದಿಲ್ಲ, ಮುಖ್ಯ ದಾರಿ ಹೋದಾಗಲೇ ಪ್ರತ್ಯಕ್ಷವಾಗುತ್ತದೆ. ಆಗ ಸೇವೆ ನಿಧಾನವಾಗಬಹುದು, ಆದರೆ ನಿಂತಿಲ್ಲ, ಕಾಯುವುದೇ ಲೇಸು. ಅವಧಿಯು ಪ್ರತಿ ಬಾರಿಯೂ ಒಂದೆರಡು ನಿಮಿಷ ಮಾತ್ರ ಇದ್ದರೆ ಕೊಂಡಿ ಪದೇ ಪದೇ ಬಿದ್ದು ಏಳುತ್ತಿದೆ ಎಂದು ಶಂಕಿಸಬೇಕು. ಕರಾವಳಿಯ ಮಳೆಗಾಲದಲ್ಲಿ ವಿದ್ಯುತ್ ವ್ಯತ್ಯಯವಾದಾಗ ಇಂತಹ ಸ್ಥಿತಿ ಉಂಟಾಗಬಹುದು. ಹೀಗಿರುವಾಗ ಭರ್ತಿ ಮಾಡಿದ ಅರ್ಜಿ ನಡುವೆಯೇ ಅಳಿಯುವ ಸಂಭವವಿರುವುದರಿಂದ ಸ್ವೀಕೃತಿ ಸಂಖ್ಯೆ ಬರುವವರೆಗೆ ಕೌಂಟರ್ ಬಿಡುವುದು ಸೂಕ್ತವಲ್ಲ.

‘ಎಸ್’ ಸಾಲಿನ ವಿಷಯದಲ್ಲಿ ಎಚ್ಚರ ಅಗತ್ಯ. ಈ ಸಾಲಿನಲ್ಲಿ ಅವಧಿಯೇ ನಮೂದಾಗುವುದಿಲ್ಲ. ಕಚೇರಿಯ ಹೊರದ್ವಾರ ಚಾಲನೆಯಲ್ಲಿರುವವರೆಗೆ, ಆಚೆ ಹತ್ತು ಕಿಲೋಮೀಟರ್ ದೂರದಲ್ಲಿ ಕೇಬಲ್ ತುಂಡಾಗಿದ್ದರೂ, ಸಾಲು ಪಟ್ಟಿಯಲ್ಲಿ ಉಳಿದೇ ಇರಬಹುದು. ‘ದಾರಿ ಇದೆ’ ಎಂದು ಇದನ್ನು ನೋಡಿ ಹೇಳುವುದು ಅಪೂರ್ಣ. ಪಿಂಗ್ ಅಥವಾ ಟ್ರೇಸ್‌ರೂಟ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಯಾವ ಸಾಲೇ ಆಗಲಿ, ದಾರಿಯನ್ನಷ್ಟೇ ತಿಳಿಸುತ್ತದೆ. ದಾರಿಯ ಕೊನೆಯಲ್ಲಿರುವ ಸರ್ವರ್ ಕೆಲಸ ಮಾಡುತ್ತಿದೆ ಎಂದಲ್ಲ.

ಅರ್ಜಿದಾರರು ಕೇಳಬಹುದಾದದ್ದು

ಪ್ರವೇಶಾತಿಯ ಕೊನೆಯ ದಿನ ಸಮೀಪಿಸಿರುವ ವಿದ್ಯಾರ್ಥಿಗೆ ಈ ವ್ಯತ್ಯಾಸ ಮುಖ್ಯ. ‘ಜಿಲ್ಲಾ ಕೇಂದ್ರದವರೆಗೆ ದಾರಿ ಇದೆಯೇ’ ಎಂದು ವಿಚಾರಿಸುವುದು ಸಾಕು. ಇಲ್ಲವೆಂದಾದರೆ ದೋಷ ಆ ತಾಲ್ಲೂಕಿನ ಕೊಂಡಿಯದು. ಮನೆಯ ಅಥವಾ ಸೈಬರ್ ಕೇಂದ್ರದ ಅಂತರ್ಜಾಲದಿಂದ ನಾಡಕಚೇರಿ ಇಲ್ಲವೇ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ಅಡ್ಡಿಯಿರದು. ಜಿಲ್ಲಾ ಕೇಂದ್ರ ಸಿಗುತ್ತಿದ್ದು ದತ್ತಾಂಶ ಕೇಂದ್ರದ ಸರ್ವರ್ ಉತ್ತರಿಸದಿದ್ದರೆ ಕಾಪು, ಕಾರ್ಕಳ, ಉಡುಪಿ ಎಲ್ಲೆಡೆಯೂ ಅದೇ ಸ್ಥಿತಿ ಇರುವ ಸಾಧ್ಯತೆ ಹೆಚ್ಚು. ಕಚೇರಿ ಬದಲಿಸಿ ಪ್ರಯೋಜನವಿಲ್ಲ.

2011ರ ಸಕಾಲ ಅಧಿನಿಯಮದಂತೆ ಸೇವೆಯ ಕಾಲಮಿತಿಯನ್ನು ಅರ್ಜಿ ಸ್ವೀಕೃತವಾದ ನಂತರ ಎಣಿಸಲಾಗುತ್ತದೆ. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಜಾಲವಿಲ್ಲದೆ ಅರ್ಜಿ ದಾಖಲಾಗದ ದಿನ ಈ ಎಣಿಕೆಗೆ ಸೇರುವುದಿಲ್ಲ. ಆದ್ದರಿಂದ 15 ಅಂಕಿಗಳ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಅರ್ಜಿದಾರರು ತಪ್ಪದೆ ಪಡೆದುಕೊಳ್ಳತಕ್ಕದ್ದು.